ದೇಹವಿಲ್ಲದ ನಟರು

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಆ ಸೀಮೆಯ ಜನರು ಮಹಾಭಾರತದ ಏಕಚಕ್ರಪುರವೆಂದು ನಂಬಿಕೊಂಡು ಬಂದಿದ್ದಾರೆ. ಅರಗಿನ ಮನೆಯಿಂದ ಪಾರಾಗಿ ಬಂದ ಪಾಂಡವರು ತಲೆಮರೆಸಿಕೊಂಡಿದ್ದ ಊರು ಅದು. ಭೀಮನು ಬಂಡಿ ಅನ್ನವನ್ನು ತಾನೇ ಉಂಡು ಬಕಾಸುರನನ್ನು ಕೊಂದದ್ದು ಅದರ ಬಳಿಯ ಬೆಟ್ಟದಲ್ಲಿ ಎಂಬುದು ಅಲ್ಲಿಯ ಸ್ಥಳಪುರಾಣ. ಊರಿನಲ್ಲಿ ಭೀಮಲಿಂಗೇಶ್ವರನ ದೇವಾಲಯವೂ ಇದೆ. ತೊಗಲುಗೊಂಬೆಯ ಮೇಳವೊಂದು ಈ ಕಥೆಯನ್ನು ಆಡಿ ತೋರಿಸುವ ರಾತ್ರಿಯನ್ನು ಊಹಿಸಿಕೊಳ್ಳಿ. ಬಿಳಿಯ ಪರದೆಯ ಹಿಂದೆ ದೀಪ ಉರಿಯುತ್ತಿದೆ. ತೊಗಲನ್ನು ಹದಮಾಡಿ, ಕತ್ತರಿಸಿ, ಸಣ್ಣ ಸಣ್ಣ ತೂತುಗಳನ್ನು ಕೊರೆದು, ಬಣ್ಣ ಹಚ್ಚಿ ಮಾಡಿದ ಭೀಮನು ಪರದೆಗೆ ಒತ್ತಿಕೊಂಡು ನಿಲ್ಲುತ್ತಾನೆ. ಅವನ ತುಟಿ ಅಲುಗುವುದಿಲ್ಲ. ಆದರೂ ಅವನು ಗರ್ಜಿಸುತ್ತಾನೆ. ಅವನಿಗೆ ಹೊಟ್ಟೆಯೇ ಇಲ್ಲ. ಆದರೂ ಬಂಡಿಯ ಅನ್ನ ಕರಗುವುದನ್ನು ಕಂಡು ಮಕ್ಕಳು ನಗುತ್ತಾರೆ. ನಡುನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಹಾಸ್ಯವಾಡಿ ಹೋಗುತ್ತಾರೆ.

ಆ ಗರ್ಜನೆ ಯಾರದು? ಗೊಂಬೆಯದೇ ಎಂದು ಮಗುವೊಂದು ತಿಳಿಯಬಹುದು. ಆದರೆ ಚಾಪೆಯ ಮೇಲೆ ಕುಳಿತ ಹಿರಿಯರಿಗೆ ಪರದೆಯ ಹಿಂದಿರುವವನ ಹೆಸರೂ ಗೊತ್ತು, ಅವನ ತಂದೆಯ ಹೆಸರೂ ಗೊತ್ತು. ದ್ರೌಪದಿಗೂ ಕುಂತಿಗೂ ದನಿಕೊಟ್ಟವಳು ಅವನ ಹೆಂಡತಿ ಎಂಬುದೂ ಗೊತ್ತು. ಬೆಳಗಾದ ಮೇಲೆ ಊರು ಅವರಿಗೆ ದವಸವನ್ನೋ ಹಣವನ್ನೋ ಕೊಟ್ಟು ಕಳುಹಿಸುತ್ತಿತ್ತು. ಆಡಿದ ದನಿಗೂ ಪಡೆದ ದವಸಕ್ಕೂ ನಡುವೆ ಯಾವ ಮರೆಯೂ ಇರಲಿಲ್ಲ.

ಇಂದು ನಮ್ಮ ಮನರಂಜನೆಯ ಲೋಕಕ್ಕೆ ಮತ್ತೊಂದು ಬಗೆಯ ಗೊಂಬೆಗಳು ಬಂದಿವೆ. ಇವುಗಳ ತುಟಿ ಅಲುಗುತ್ತದೆ, ಕಣ್ಣು ಮಿಟುಕುತ್ತದೆ, ಕೆನ್ನೆಯ ಮೇಲೆ ಕಣ್ಣೀರೂ ಇಳಿಯುತ್ತದೆ. ಗಣಕಯಂತ್ರದೊಳಗೆ ಹುಟ್ಟಿ ಬೆಳ್ಳಿತೆರೆಯ ಮೇಲೋ ಕೈಯಲ್ಲಿ ಹಿಡಿಯುವ ದೂರವಾಣಿಯ ತೆರೆಯ ಮೇಲೋ ನಟಿಸುವ ಇವರನ್ನು ಡಿಜಿಟಲ್ ಕಲಾವಿದರೆಂದು ಕರೆಯುತ್ತಾರೆ. ಇವರಲ್ಲಿ ಕೆಲವರು ಹಿಂದೆ ಬದುಕಿದ್ದ ಅಥವಾ ಈಗಲೂ ಬದುಕಿರುವ ವ್ಯಕ್ತಿಗಳ ಪ್ರತಿರೂಪಗಳು. ಇನ್ನು ಕೆಲವರು ಎಂದೂ ಹುಟ್ಟದೆ, ಯಾರ ಮಕ್ಕಳೂ ಆಗದೆ, ಹೆಸರು ರೂಪ ಮಾತ್ರ ಪಡೆದವರು. ಇವರ ಪರದೆಯ ಹಿಂದೆ ಯಾರಿದ್ದಾರೆ ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಸಿಕ್ಕುವುದಿಲ್ಲ. ಆ ಉತ್ತರವನ್ನು ಹುಡುಕುವುದೇ ಈ ಪಾಠದ ಉದ್ದೇಶ.

ಮನುಷ್ಯನ ದನಿ ಅವನ ದೇಹವನ್ನು ಬಿಟ್ಟು ಹೊರಟದ್ದು ಇಂದು ನಿನ್ನೆಯ ಮಾತಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಮುಂದೆ ಅವರು ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ತಟ್ಟೆಗಳಲ್ಲಿ ಒಂದು ವಿಶೇಷವಿದೆ. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ಮುದ್ರಿಸಿದ ತಟ್ಟೆಗಳನ್ನು ದೂರದ ಜರ್ಮನಿಯ ಕಾರ್ಖಾನೆಯಲ್ಲಿ ಒತ್ತುವವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಈ ಏರ್ಪಾಡು ಎಂದು ಹೇಳುತ್ತಾರೆ. ಕಾರಣ ಏನೇ ಇರಲಿ, ದನಿಯು ದೇಹವನ್ನು ಬಿಟ್ಟು ಹೊರಡುವಾಗ ಒಡತಿಯ ಹೆಸರನ್ನು ಜೊತೆಗೆ ಕಟ್ಟಿಕೊಂಡೇ ಹೊರಟಿತ್ತು.

ಚಲನಚಿತ್ರ ಬಂದ ಮೇಲೆ ಒಬ್ಬರ ದನಿಯನ್ನು ಇನ್ನೊಬ್ಬರ ದೇಹಕ್ಕೆ ಕೂಡಿಸುವುದು ಸಾಮಾನ್ಯವಾಯಿತು. ನಮ್ಮ ತಂದೆ ತಾಯಿಯರು ವರನಟ ರಾಜಕುಮಾರ್ ಅವರನ್ನು ತೆರೆಯ ಮೇಲೆ ಕಂಡು, ಪಿ. ಬಿ. ಶ್ರೀನಿವಾಸ್ ಅವರ ಕಂಠವನ್ನು ಕೇಳಿ, ಎರಡನ್ನೂ ಒಂದೇ ಎಂದು ಸವಿದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜಕುಮಾರ್ ಅವರೇ ಹಾಡಿದ ಮೇಲೆ ಆ ಜೋಡಿಯ ರೀತಿ ಬದಲಾಯಿತು. ನಟರ ಮಾತಿಗೆ ಬೇರೊಬ್ಬರು ದನಿಗೂಡಿಸುವುದೂ ಬಳಕೆಗೆ ಬಂತು. ಈ ಕೆಲಸಕ್ಕೆ ಕನ್ನಡದಲ್ಲಿ 'ಕಂಠದಾನ' ಎಂಬ ಸೊಗಸಾದ ಮಾತು ಹುಟ್ಟಿಕೊಂಡಿತು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ಈಗ ಕನ್ನಡದ್ದೇ ಆದ ಒಂದು ನಿದರ್ಶನವನ್ನು ಸ್ವಲ್ಪ ವಿವರವಾಗಿ ನೋಡೋಣ. ಪುಟ್ಟಣ್ಣ ಕಣಗಾಲ್ ಅವರ 1972ರ 'ನಾಗರಹಾವು' ಚಿತ್ರದಿಂದ ವಿಷ್ಣುವರ್ಧನ್ ಅವರು ನಾಯಕನಟರಾಗಿ ಪ್ರಸಿದ್ಧರಾದರು. 2009ರ ಡಿಸೆಂಬರ್ 30ರಂದು ಅವರು ನಿಧನರಾದರು. ಅವರು ನಟಿಸಿ ಮುಗಿಸಿದ್ದ 'ಆಪ್ತರಕ್ಷಕ' 2010ರಲ್ಲಿ ಬಿಡುಗಡೆಯಾಯಿತು. ಅಲ್ಲಿಗೆ ಅವರ ನಟನೆಯ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ 2016ರಲ್ಲಿ, ಕೋಡಿ ರಾಮಕೃಷ್ಣ ಅವರ ನಿರ್ದೇಶನದಲ್ಲಿ, ಅದೇ 'ನಾಗರಹಾವು' ಎಂಬ ಹೆಸರಿನ ಬೇರೊಂದು ಚಿತ್ರ ತೆರೆಕಂಡಿತು. ರಮ್ಯಾ ಮತ್ತು ದಿಗಂತ್ ನಟಿಸಿದ್ದ ಆ ಚಿತ್ರದ ಕೊನೆಯ ಭಾಗದಲ್ಲಿ ವಿಷ್ಣುವರ್ಧನ್ ಅವರು ಕಾಣಿಸಿಕೊಂಡರು. ಚಿತ್ರಮಂದಿರಗಳಲ್ಲಿ ಶಿಳ್ಳೆ ಚಪ್ಪಾಳೆಗಳು ಮೊಳಗಿದವು. ಏಳು ವರ್ಷಗಳ ಹಿಂದೆ ಕಣ್ಮರೆಯಾದ ನಟನನ್ನು ಮತ್ತೆ ಕಂಡ ಅಭಿಮಾನಿಗಳ ಸಂತೋಷವನ್ನು ಹಗುರವಾಗಿ ಕಾಣಬಾರದು.

ಇದನ್ನು ಸಾಧಿಸಿದ್ದು ಹೇಗೆ? ಇಂಥ ಕೆಲಸದ ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ಮೊದಲು ಎತ್ತರ, ಮೈಕಟ್ಟು, ನಡಿಗೆಗಳಲ್ಲಿ ಮೂಲ ನಟನನ್ನು ಹೋಲುವ ಇನ್ನೊಬ್ಬ ನಟನನ್ನು ನಿಲ್ಲಿಸಿ ದೃಶ್ಯಗಳನ್ನು ಚಿತ್ರೀಕರಿಸುತ್ತಾರೆ. ಮೂಲ ನಟನ ಹಳೆಯ ಭಾವಚಿತ್ರಗಳನ್ನೂ ಚಲನಚಿತ್ರಗಳನ್ನೂ ಕಲೆಹಾಕಿ, ಅವನ ತಲೆಯ ಮೂರು ಆಯಾಮದ ಆಕೃತಿಯನ್ನು ಗಣಕಯಂತ್ರದಲ್ಲಿ ಕಡೆಯುತ್ತಾರೆ. ಶಿಲ್ಪಿಯು ಕಲ್ಲಿನಲ್ಲಿ ಕಡೆಯುವುದಕ್ಕೂ ಇದಕ್ಕೂ ವ್ಯತ್ಯಾಸವೆಂದರೆ, ಈ ಶಿಲ್ಪದ ಹುಬ್ಬು ಏರಬೇಕು, ಕಣ್ಣಂಚು ಸುಕ್ಕಾಗಬೇಕು. ಬಳಿಕ ಚಿತ್ರೀಕರಿಸಿದ ದೇಹದ ಮೇಲಿನ ತಲೆಯನ್ನು ತೆಗೆದು, ಕಡೆದ ತಲೆಯನ್ನು ಅಲ್ಲಿ ಇಡುತ್ತಾರೆ. ದೇಹ ತಿರುಗಿದಂತೆ ತಲೆ ತಿರುಗಬೇಕು; ಬಿಸಿಲು ಎಡದಿಂದ ಬಿದ್ದಿದ್ದರೆ ಮುಖದ ಎಡಭಾಗವೇ ಬೆಳಗಬೇಕು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುತ್ತವೆ. ಎಂದರೆ ಒಂದು ನಿಮಿಷದ ದೃಶ್ಯಕ್ಕೆ 1,440 ಚಿತ್ರಗಳು. ಅಷ್ಟರಲ್ಲಿಯೂ ಕತ್ತಿನ ಹೊಲಿಗೆ ಕಾಣದಂತೆ ಮಾಡಬೇಕು. ತಂತ್ರಜ್ಞರು ತಿಂಗಳುಗಟ್ಟಲೆ ಕುಳಿತು ಮಾಡುವ ಕುಸುರಿ ಕೆಲಸವಿದು.

ಈ ವಿವರಣೆಯಲ್ಲಿ ಒಬ್ಬ ವ್ಯಕ್ತಿ ಬಂದು ಹೋದದ್ದನ್ನು ನೀವು ಗಮನಿಸಿದಿರಾ? ತನ್ನ ದೇಹವನ್ನು ಕೊಟ್ಟ ಆ ಇನ್ನೊಬ್ಬ ನಟ. ನಡೆದವನು ಅವನು, ತಿರುಗಿದವನು ಅವನು, ಬಿಸಿಲಿನಲ್ಲಿ ಬೆವರಿದವನೂ ಅವನೇ. ಚಪ್ಪಾಳೆ ಸಂದದ್ದು ಅವನಿಗಲ್ಲ.

ಬದುಕಿರುವ ನಟನೇ ತನ್ನ ಚಲನೆಯನ್ನು ಯಂತ್ರಕ್ಕೆ ಕೊಡುವ ಮತ್ತೊಂದು ವಿಧಾನವೂ ಇದೆ. ಮೈಗೆ ಅಂಟಿದ ಉಡುಪಿನ ಮೇಲೆ ಕೀಲು ಕೀಲಿಗೂ ಗುರುತಿನ ಚುಕ್ಕೆಗಳನ್ನು ಹಚ್ಚಿ, ಸುತ್ತಲೂ ಕ್ಯಾಮೆರಾಗಳನ್ನು ಇಟ್ಟು, ಚುಕ್ಕೆಗಳು ಚಲಿಸಿದ ಹಾದಿಯನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ಆ ಚಲನೆಯನ್ನು ಯಾವ ರೂಪಕ್ಕೆ ಬೇಕಾದರೂ ತೊಡಿಸಬಹುದು. ರಜನೀಕಾಂತ್ ಅವರ 2014ರ ತಮಿಳು ಚಿತ್ರ 'ಕೋಚಡೈಯಾನ್' ಹೀಗೆ ತಯಾರಾಯಿತು. 2009ರಲ್ಲಿ ತೀರಿಕೊಂಡಿದ್ದ ಹಾಸ್ಯನಟ, ಕನ್ನಡ ಮನೆಮಾತಿನ ನಾಗೇಶ್ ಅವರ ರೂಪವನ್ನೂ ಅದರಲ್ಲಿ ಮರುಸೃಷ್ಟಿಸಿದ್ದರು. ಸ್ವೀಡನ್ನಿನ 'ಅಬ್ಬಾ' ಎಂಬ ಸಂಗೀತ ತಂಡದ ನಾಲ್ವರು ತಮ್ಮ ಎಪ್ಪತ್ತರ ಆಚೀಚಿನ ವಯಸ್ಸಿನಲ್ಲಿ ಐದು ವಾರಗಳ ಕಾಲ ಇಂಥ ಉಡುಪು ತೊಟ್ಟು 160 ಕ್ಯಾಮೆರಾಗಳ ಎದುರು ಹಾಡಿ ಕುಣಿದರು. 2022ರ ಮೇ ತಿಂಗಳಿನಿಂದ ಲಂಡನ್ನಿನ ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಕಾಣಿಸುತ್ತಿರುವವರು ಅವರ ತಾರುಣ್ಯದ ಪ್ರತಿರೂಪಗಳು. ವಾದ್ಯ ನುಡಿಸುವವರು ಮಾತ್ರ ಎದುರಿಗೇ ಕುಳಿತ ನಿಜವಾದ ಮನುಷ್ಯರು.

ರಂಗದ ಮೇಲೆ ಇಲ್ಲದವರು ಇದ್ದಂತೆ ಕಾಣುವ ಕೆಲವು ಪ್ರದರ್ಶನಗಳ ಹಿಂದಿರುವ ಉಪಾಯ ಬಹಳ ಹಳೆಯದು. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವರು ರಂಗದ ಮೇಲೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಮರೆಯಲ್ಲಿ ನಿಂತ ನಟನ ಪ್ರತಿಬಿಂಬ ಅದರಲ್ಲಿ ಮೂಡುವಂತೆ ಮಾಡಿ, ದೆವ್ವವನ್ನು ತೋರಿಸಿದರು. ರಾತ್ರಿಯ ಬಸ್ಸಿನ ಕಿಟಕಿಯಲ್ಲಿ ನಿಮ್ಮ ಮುಖವೂ ಹೊರಗಿನ ಮರಗಳೂ ಒಟ್ಟಿಗೆ ಕಾಣುವುದಿಲ್ಲವೆ? ಅದೇ ತತ್ತ್ವ. 2012ರಲ್ಲಿ ಅಮೆರಿಕದ ಸಂಗೀತೋತ್ಸವವೊಂದರಲ್ಲಿ, 1996ರಲ್ಲಿಯೇ ಕೊಲೆಯಾಗಿದ್ದ ಗಾಯಕ ಟೂಪಾಕ್ ಹಾಡಿದಂತೆ ತೋರಿಸಿದ್ದು ಇದೇ ಉಪಾಯದ ಹೊಸ ರೂಪದಿಂದ. ಗಾಜಿನ ಬದಲು ತೆಳುವಾದ ಪಾರದರ್ಶಕ ಹಾಳೆ ಬಂದಿತ್ತು, ಅಷ್ಟೆ.

ರೂಪದ ಮಾತು ಹೀಗಾಯಿತು. ದನಿಯ ಮಾತು ಇನ್ನೂ ಸೂಕ್ಷ್ಮವಾದದ್ದು. ನಾವು ಆಡಿದ ಮಾತು ಗಾಳಿಯಲ್ಲಿ ಅಲೆಯಾಗಿ ಹರಡುತ್ತದೆ. ಆ ಅಲೆಯ ಎತ್ತರವನ್ನು ಒಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದಿಟ್ಟುಕೊಳ್ಳುವುದೇ ಡಿಜಿಟಲ್ ಧ್ವನಿಮುದ್ರಣ. ಸಂಗೀತದ ಅಡಕತಟ್ಟೆಗಳಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ. ಹೀಗೆ ಅಂಕಿಗಳಾದ ಮಾತನ್ನು ಯಂತ್ರಕ್ಕೆ ಉಣಿಸಿದರೆ, ಯಾವ ಅಕ್ಷರಕ್ಕೆ ಯಾವ ಅಲೆ, ಪ್ರಶ್ನೆಗೆ ಯಾವ ಏರು, ದುಃಖಕ್ಕೆ ಯಾವ ಇಳಿವು ಎಂಬ ಸಂಬಂಧಗಳನ್ನು ಅದು ಲೆಕ್ಕಹಾಕಿ ಕಲಿಯುತ್ತದೆ. ಬಳಿಕ ಆ ವ್ಯಕ್ತಿ ಎಂದೂ ಆಡದ ವಾಕ್ಯವನ್ನು ಬರೆದುಕೊಟ್ಟರೂ ಅವನ ದನಿಯಲ್ಲಿ ಓದಬಲ್ಲುದು. ಅನುಕರಣೆಯ ಕಲಾವಿದರು ಕಿವಿಯಿಂದ ಮಾಡುವುದನ್ನು ಯಂತ್ರ ಲೆಕ್ಕದಿಂದ ಮಾಡುತ್ತದೆ.

ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು ಅಕಾಲ ಮರಣಕ್ಕೆ ತುತ್ತಾದಾಗ 'ಜೇಮ್ಸ್' ಚಿತ್ರದಲ್ಲಿ ಅವರ ಮಾತಿನ ಮುದ್ರಣ ಉಳಿದಿತ್ತು. ಅವರ ಅಣ್ಣ ಶಿವರಾಜಕುಮಾರ್ ದನಿಗೂಡಿಸಿದರು. ತಮ್ಮನ ತುಟಿಯ ಚಲನೆಗೆ ಅಣ್ಣನ ಮಾತು ಕೂಡಿದ ಆ ಚಿತ್ರ 2022ರ ಮಾರ್ಚ್ 17ರಂದು, ಪುನೀತರ ಜನ್ಮದಿನದಂದು, ಬಿಡುಗಡೆಯಾಯಿತು. ಧ್ವನಿ ತಂತ್ರಜ್ಞಾನದ ನೆರವಿನಿಂದ ಪುನೀತರ ದನಿಯನ್ನೇ ಸೇರಿಸಿ ಸಿದ್ಧಪಡಿಸಿದ ಇನ್ನೊಂದು ಆವೃತ್ತಿ ಮರುತಿಂಗಳು ತೆರೆಗೆ ಬಂತು. ಎರಡರಲ್ಲಿ ಯಾವುದು ಹೆಚ್ಚು? ಅಭಿಮಾನಿಗೆ ಎರಡನೆಯದು ಹೆಚ್ಚೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಣ್ಣನೊಬ್ಬನು ಗಾಜಿನ ಕೋಣೆಯಲ್ಲಿ ನಿಂತು, ಇಲ್ಲವಾದ ತಮ್ಮನ ಮುಖವನ್ನು ನೋಡುತ್ತ ನೋಡುತ್ತ ಅವನ ಮಾತನ್ನು ತಾನು ಆಡಿದ ಆ ಮೊದಲ ಆವೃತ್ತಿಯಲ್ಲಿ, ಯಾವ ಯಂತ್ರವೂ ಕೊಡಲಾರದ ಒಂದು ನೋವು ಸೇರಿಕೊಂಡಿದೆ ಎಂದು ಈ ಲೇಖಕನಿಗೆ ಅನಿಸುತ್ತದೆ.

ಇನ್ನು ಎಂದೂ ಹುಟ್ಟದೆ ಹೆಸರಾದವರ ಕಥೆ. ಜಪಾನಿನಲ್ಲಿ 2007ರಲ್ಲಿ ಹಾಡುವ ತಂತ್ರಾಂಶವೊಂದಕ್ಕೆ ಹದಿನಾರು ವರ್ಷದ ಹುಡುಗಿಯ ಚಿತ್ರ ಬರೆದು, 'ಹಾತ್ಸುನೆ ಮಿಕು' ಎಂದು ಹೆಸರಿಟ್ಟರು. ನೀಲಿ ಹಸಿರಿನ ಉದ್ದ ಜಡೆಗಳ ಈ ಹುಡುಗಿಗೆ ವಯಸ್ಸಾಗುವುದಿಲ್ಲ. ಆಕೆಯ ಕಛೇರಿಗೆ ಸಾವಿರಾರು ಜನ ಸೇರುತ್ತಾರೆ. ಆಕೆಯ ದನಿ ಮಾತ್ರ ಆಕಾಶದಿಂದ ಬಂದದ್ದಲ್ಲ. ಸಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯ ದನಿಯ ತುಣುಕುಗಳಿಂದ ಕಟ್ಟಿದ್ದು. ಕನ್ನಡದಲ್ಲಿಯೂ 2023ರ ಜುಲೈಯಲ್ಲಿ ಖಾಸಗಿ ಸುದ್ದಿವಾಹಿನಿಯೊಂದು 'ಸೌಂದರ್ಯ' ಎಂಬ ಯಂತ್ರವಾಚಕಿಯನ್ನು ತೆರೆಗೆ ತಂದಿತು. 2024ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿ 'ಕ್ರಿಶ್' ಮತ್ತು 'ಭೂಮಿ' ಎಂಬ ಇಬ್ಬರು ಕೃತಕ ವಾಚಕರನ್ನು ಪರಿಚಯಿಸಿ, ಅವರು ಐವತ್ತು ಭಾಷೆಗಳಲ್ಲಿ ಮಾತಾಡಬಲ್ಲರೆಂದು ಸಾರಿತು. ಮರುವರ್ಷ, 2025ರಲ್ಲಿ, ಪಾತ್ರಗಳೂ ದೃಶ್ಯಗಳೂ ಕೃತಕ ಬುದ್ಧಿಮತ್ತೆಯಿಂದಲೇ ಆದ 'ಲವ್ ಯು' ಎಂಬ ಕನ್ನಡ ಚಿತ್ರ ಬಂತು. ಅದರ ವೆಚ್ಚ ಸುಮಾರು 10 ಲಕ್ಷ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಕೋಟಿಗಳ ಲೆಕ್ಕದಲ್ಲಿ ನಡೆಯುವ ಉದ್ಯಮದಲ್ಲಿ ಇದು ಎಷ್ಟು ಅಗ್ಗವೆಂಬುದನ್ನು ಹೇಳಬೇಕಾಗಿಲ್ಲ. ಹಣವಿಲ್ಲದ ಪ್ರತಿಭಾವಂತನಿಗೆ ಇದು ತೆರೆದ ಬಾಗಿಲು. ದೀಪ ಹಿಡಿಯುವವನಿಗೆ, ಬಣ್ಣ ಹಚ್ಚುವವಳಿಗೆ, ಗುಂಪಿನಲ್ಲಿ ನಿಂತು ದಿನಗೂಲಿ ಪಡೆಯುವ ಸಹಕಲಾವಿದನಿಗೆ ಅದೇ ಬಾಗಿಲು ಮುಚ್ಚಿದಂತೆಯೂ ಕಾಣಬಹುದು.

ಇಂಥ ರೂಪಗಳನ್ನು ನೋಡುವಾಗ ಕೆಲವು ವೇಳೆ ನಮಗೆ ಹೇಳಲಾಗದ ಒಂದು ಕಸಿವಿಸಿ ಆಗುತ್ತದೆ. ಜಪಾನಿನ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲಿಯೇ ಇದನ್ನು ಗುರುತಿಸಿದ್ದರು. ಗೊಂಬೆಯು ಮನುಷ್ಯನನ್ನು ಸ್ವಲ್ಪ ಹೋಲಿದರೆ ನಮಗೆ ಪ್ರೀತಿ. ಹೋಲಿಕೆ ಹೆಚ್ಚಿದಂತೆ ಪ್ರೀತಿಯೂ ಹೆಚ್ಚುತ್ತದೆ. ಆದರೆ ಹೆಚ್ಚುಕಡಿಮೆ ಮನುಷ್ಯನೇ ಎನ್ನುವಷ್ಟು ಹೋಲಿ, ಎಲ್ಲಿಯೋ ಒಂದು ಕೂದಲೆಳೆಯಷ್ಟು ತಪ್ಪಿದರೆ ಪ್ರೀತಿ ಒಮ್ಮೆಗೇ ಕುಸಿದು ಹೇಸಿಕೆಯಾಗುತ್ತದೆ. ನಮ್ಮ ತೊಗಲುಗೊಂಬೆಯ ಕಲಾವಿದರು ಈ ಹಳ್ಳಕ್ಕೆ ಎಂದೂ ಬೀಳಲಿಲ್ಲ. ಅವರ ಪಾತ್ರಗಳ ಕಣ್ಣು ಮುಖಕ್ಕಿಂತ ಹಿರಿದಾಗಿ ತೋರುತ್ತದೆ. ದೇವರು ರಾಜರ ಗೊಂಬೆಗಳು ದೊಡ್ಡವು, ಸೇವಕರವು ಚಿಕ್ಕವು. ಗೊಂಬೆಯು ತಾನು ಗೊಂಬೆಯೆಂಬುದನ್ನು ಮರೆಮಾಚುವುದಿಲ್ಲ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ, 2025ರ ಪದ್ಮಶ್ರೀ ಪ್ರಶಸ್ತಿ ಸಂದದ್ದು ಈ ಕಲೆಗಾಗಿಯೇ. ಆಕೆಯ ಗೊಂಬೆಗಳನ್ನು ಕಂಡು ಯಾರೂ ಮೋಸಹೋಗಲಿಲ್ಲ, ಮೈಮರೆತರು.

ಮೋಸ ಮತ್ತು ಮೈಮರೆವುಗಳ ನಡುವಣ ಈ ಅಂತರವೇ ಇಂದಿನ ವಿವಾದಗಳ ಬೇರು. ಈಗ 'ಕಂಠದಾನ' ಎಂಬ ಮಾತಿಗೆ ಹಿಂದಿರುಗೋಣ. ದಾನವೆಂದರೆ ಕೊಡುವವನು ಮನಸಾರೆ ಕೊಟ್ಟದ್ದು. ಕೊಡದೆ ಇದ್ದುದನ್ನು ತೆಗೆದುಕೊಂಡರೆ ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ. 2024ರಲ್ಲಿ ಎ. ಆರ್. ರೆಹಮಾನ್ ಅವರು 'ಲಾಲ್ ಸಲಾಂ' ಎಂಬ ತಮಿಳು ಚಿತ್ರದ ಹಾಡಿಗೆ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಎಂಬ ದಿವಂಗತ ಗಾಯಕರಿಬ್ಬರ ದನಿಯನ್ನು ಯಂತ್ರದ ಮೂಲಕ ಮೂಡಿಸಿದರು. ಅವರ ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಸಲ್ಲಿಸಿದುದಾಗಿ ತಿಳಿಸಿದರು. ಅದೇ ವರ್ಷ, 2020ರಲ್ಲಿ ನಿಧನರಾದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ತಮ್ಮನ್ನು ಕೇಳದೆ ಮರುಸೃಷ್ಟಿಸಿದ್ದಾರೆಂದು ಅವರ ಮಗ ತೆಲುಗು ಚಿತ್ರತಂಡವೊಂದಕ್ಕೆ ವಕೀಲರ ನೋಟೀಸು ಕಳುಹಿಸಿದರು. ಕನ್ನಡಿಗರ ಮನೆಮನೆಯ ದನಿಯಾಗಿದ್ದ ಅವರ ವಿಷಯದಲ್ಲಿ ಎದ್ದ ಈ ಪ್ರಶ್ನೆ ನಮಗೂ ಸಂಬಂಧಿಸಿದ್ದೇ. ಎರಡು ಕಡೆಗಳಲ್ಲಿಯೂ ಉಪಾಯ ಒಂದೇ ಬಗೆಯದು. ಬೇರೆಯಾದದ್ದು, ಕೇಳಿದರೋ ಇಲ್ಲವೋ ಎಂಬುದು.

ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ನಟ ಅನಿಲ್ ಕಪೂರ್ ಅವರ ಹೆಸರು, ರೂಪ, ದನಿಗಳನ್ನು ಅವರ ಅನುಮತಿಯಿಲ್ಲದೆ ಬಳಸಬಾರದೆಂದು ದೆಹಲಿ ಉಚ್ಚ ನ್ಯಾಯಾಲಯವು 2023ರಲ್ಲಿ ತಡೆಯಾಜ್ಞೆ ನೀಡಿತು. ಗಾಯಕ ಅರಿಜಿತ್ ಸಿಂಗ್ ಅವರ ದನಿಯ ಯಂತ್ರಾನುಕರಣೆಯ ವಿರುದ್ಧ ಮುಂಬಯಿ ಉಚ್ಚ ನ್ಯಾಯಾಲಯವು 2024ರಲ್ಲಿ ಅಂಥದೇ ರಕ್ಷಣೆ ಕೊಟ್ಟಿತು. ಯಂತ್ರಸೃಷ್ಟಿಯಾದ ಚಿತ್ರ, ದನಿಗಳಿಗೆ ಅದು ಹಾಗೆ ಆದದ್ದೆಂಬ ಗುರುತು ಇರಬೇಕೆಂಬ ಕರಡು ನಿಯಮವನ್ನು ಕೇಂದ್ರ ಸರ್ಕಾರವು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ನೂರಿಪ್ಪತ್ತು ವರ್ಷಗಳ ಹಿಂದೆ ಗೌಹರ್ ಜಾನ್ ಅವರು ಹಾಡಿನ ಕೊನೆಗೆ ಹೆಸರು ಹೇಳಿದುದರ ಇನ್ನೊಂದು ರೂಪವೇ ಇದು.

ಹೆಸರಾಂತ ನಟರು ನ್ಯಾಯಾಲಯಕ್ಕೆ ಹೋಗಬಲ್ಲರು. ಹೆಸರಿಲ್ಲದವರ ಗತಿಯೇನು? 2023ರಲ್ಲಿ ಅಮೆರಿಕದ ಚಲನಚಿತ್ರ ಕಲಾವಿದರ ಸಂಘವು 118 ದಿನಗಳ ಮುಷ್ಕರ ಹೂಡಿತು. ಅದರ ಬೇಡಿಕೆಗಳಲ್ಲಿ ಒಂದು ಹೀಗಿತ್ತು: ಗುಂಪಿನ ದೃಶ್ಯದಲ್ಲಿ ನಿಲ್ಲುವ ಕಲಾವಿದನ ದೇಹವನ್ನು ಒಂದು ದಿನ ಸುತ್ತಲಿಂದಲೂ ಚಿತ್ರಿಸಿಕೊಂಡು, ಒಂದು ದಿನದ ಕೂಲಿ ಕೊಟ್ಟು, ಮುಂದೆ ಎಷ್ಟು ಚಿತ್ರಗಳಿಗೆ ಬೇಕಾದರೂ ಆ ಪ್ರತಿರೂಪವನ್ನು ಬಳಸಿಕೊಳ್ಳುವುದು ಸಲ್ಲದು. ಕೊನೆಗೆ ಆದ ಒಪ್ಪಂದದಲ್ಲಿ ಇಂಥ ಬಳಕೆಗೆ ಒಪ್ಪಿಗೆಯೂ ಸಂಭಾವನೆಯೂ ಬೇಕೆಂದು ನಿಗದಿಯಾಯಿತು. ಪರದೆಯ ಹಿಂದೆ ಇರುವವನಿಗೆ ದವಸ ಸಲ್ಲಬೇಕೆಂಬ ನಮ್ಮ ಹಳ್ಳಿಯ ನಡವಳಿಕೆಯನ್ನು ಅವರು ಕಾಗದದ ಮೇಲೆ ಬರೆಸಿಕೊಂಡರೆನ್ನಬಹುದು.

ನಮ್ಮ ಭಾಷೆಗೂ ಇದರಲ್ಲಿ ಒಂದು ಪಾಲಿದೆ. ಯಂತ್ರವು ಕೇಳಿದ್ದನ್ನೇ ಆಡುತ್ತದೆ. ಸುದ್ದಿವಾಚಕರ ಕನ್ನಡವನ್ನು ಮಾತ್ರ ಕೇಳಿಸಿದರೆ ಅದರ ಅಜ್ಜಿಯೂ ಸುದ್ದಿವಾಚಕಿಯಂತೆಯೇ ಮೊಮ್ಮಗನನ್ನು ಗದರಿಸುತ್ತಾಳೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಗಳಿಗೆ ನಿಂತರೆ, ಕನ್ನಡದಲ್ಲಿ ತೊಡಗಿದ ಮಾತು ತೆಲುಗಿನಲ್ಲಿ ಚೌಕಾಸಿಯಾಗಿ, ಉರ್ದುವಿನಲ್ಲಿ ನಗೆಯಾಡಿ, ಮತ್ತೆ ಕನ್ನಡಕ್ಕೆ ಬಂದು ನಿಲ್ಲುವುದನ್ನು ಕೇಳಬಹುದು. ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿಗಳ ಕಡೆಯ ಈ ಮಾತಿನ ಹದವನ್ನು ಯಾವ ಡಿಜಿಟಲ್ ನಟ ಆಡಬಲ್ಲ? ಅದನ್ನು ಯಾರಾದರೂ ಮುದ್ರಿಸಿ ಕೊಟ್ಟಿದ್ದರೆ ಮಾತ್ರ ಆಡಬಲ್ಲ. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆಯು 'ಭಾಷಾದಾನ'ವೆಂಬ ಹೆಸರಿನಲ್ಲಿ ಜನರಿಂದ ಅವರವರ ಮಾತಿನ ದನಿಯನ್ನು ಕೇಳಿ ಪಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 'ವಾಣಿ' ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸಲು ತೊಡಗಿದೆ. ಇಲ್ಲಿಯೂ 'ದಾನ'ವೆಂಬ ಮಾತೇ ಬಂದಿರುವುದು ಕಾಕತಾಳೀಯವಿರಬಹುದು, ಆದರೂ ಸೊಗಸಾಗಿದೆ.

ದನಿಯಾಗಲಿ ರೂಪವಾಗಲಿ ಉಳಿಯದೆ ಹೋದವರನ್ನು ಏನು ಮಾಡುವುದು? 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ಎಂ. ವಿ. ಸುಬ್ಬಯ್ಯನಾಯ್ಡು ಅವರೂ ತ್ರಿಪುರಾಂಬ ಅವರೂ ಮಾತಾಡಿದರು, ಹಾಡಿದರು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಯಂತ್ರ ಎಷ್ಟೇ ಜಾಣವಾದರೂ, ಉಳಿಯದೆ ಹೋದ ಆ ಅಭಿನಯವನ್ನು ಮರಳಿ ತರಲಾರದು. ತಂದರೆ ಅದು ಊಹೆ.

ಕೈವಾರದ ತಾತಯ್ಯನವರ ವಿಷಯದಲ್ಲಿ ಈ ಮಾತು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಯೋಗಿ ನಾರೇಯಣರಾಗಿ, ಕನ್ನಡ ತೆಲುಗು ಎರಡರಲ್ಲಿಯೂ ಹಾಡಿ, 'ಕಾಲಜ್ಞಾನ'ವನ್ನು ನುಡಿದು, 1726ರಿಂದ 1836ರವರೆಗೆ ನೂರಹತ್ತು ವರ್ಷ ಬಾಳಿದರೆಂದು ಪರಂಪರೆ ಹೇಳುತ್ತದೆ. ಗ್ರಾಮಫೋನು ಅವರ ಕಾಲಕ್ಕೆ ಹುಟ್ಟಿರಲಿಲ್ಲ. ಕೈವಾರದ ಹೆಸರನ್ನೇ ಹೊತ್ತು, ರಾಜಕುಮಾರ್ ಅವರು ನಟಿಸಿದ 'ಕೈವಾರ ಮಹಾತ್ಮೆ' ಎಂಬ ಚಿತ್ರ 1961ರಲ್ಲಿ ಬಂದಿತ್ತು. ನಟನೊಬ್ಬನು ಸಂತನ ವೇಷ ತೊಟ್ಟರೆ ಅದು ವೇಷವೆಂದು ನೋಡುವವರಿಗೆಲ್ಲ ಗೊತ್ತಿರುತ್ತದೆ. ನಾಳೆ ಯಾರಾದರೂ ಉತ್ಸಾಹಿಗಳು ತಾತಯ್ಯನವರನ್ನೇ ಗಣಕಯಂತ್ರದಲ್ಲಿ ಕಡೆದು, ಗಡ್ಡ ಬೆಳೆಸಿ, ತಂಬೂರಿ ಹಿಡಿಸಿ, ಭಕ್ತರ ಪ್ರಶ್ನೆಗಳಿಗೆ ಉತ್ತರ ಹೇಳುವಂತೆ ಮಾಡುವುದು ಅಸಾಧ್ಯವಲ್ಲ. ಅದನ್ನು ಕಂಡು ಕೈಮುಗಿಯುವವರೂ ಇರುತ್ತಾರೆ. ಆದರೆ ಆ ಬಾಯಿಂದ ಬಂದ ಮಾತು ಯಾರದು? ಭವಿಷ್ಯವನ್ನು ನುಡಿದರೆಂದು ಜನ ನಂಬಿರುವ ಒಬ್ಬ ಯೋಗಿಯ ಬಾಯಲ್ಲಿ, ಅವರು ನುಡಿಯದ ಭವಿಷ್ಯವನ್ನು ಇಡುವ ಅಧಿಕಾರ ಯಾರಿಗಿದೆ? ಒಪ್ಪಿಗೆ ಕೇಳೋಣವೆಂದರೆ ಅವರಿಲ್ಲ. ಇಂಥದಕ್ಕೆ ಇನ್ನೂ ಯಾವ ನ್ಯಾಯಾಲಯವೂ ಮುಟ್ಟದ ಒಂದು ಲಜ್ಜೆ ಬೇಕಾಗುತ್ತದೆ.

ದೇಹವಿಲ್ಲದ ತಾತಯ್ಯನವರು ಕೈವಾರದಲ್ಲಿ ಇಷ್ಟು ಕಾಲವೂ ಬೇರೊಂದು ರೀತಿಯಲ್ಲಿ ಹಾಡುತ್ತ ಬಂದಿದ್ದಾರೆ. ಗುರುಪೂರ್ಣಿಮೆಯ ಸಮಯದಲ್ಲಿ ಅಲ್ಲಿ ಮೂರು ದಿನಗಳ ಗುರುಪೂಜಾ ಸಂಗೀತೋತ್ಸವ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಗಳ ಭಜನೆಯ ತಂಡದವರೂ ಹಗಲಿರುಳು ಸರದಿಯಲ್ಲಿ ಕುಳಿತು ಹಾಡುತ್ತಾರೆ. ಒಬ್ಬರ ದನಿ ಗಡಸು, ಇನ್ನೊಬ್ಬರದು ಇಂಪು, ಮತ್ತೊಬ್ಬರದು ನಿದ್ದೆಗೆಟ್ಟು ಒಡೆದದ್ದು. ತಾತಯ್ಯನವರ ದನಿ ಇವುಗಳಲ್ಲಿ ಯಾವುದನ್ನು ಹೋಲುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಒಂದು ತಂಡ ಎದ್ದು ಇನ್ನೊಂದು ತಂಡ ಕುಳಿತು ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ, ಮುಂದೆ ಹಾಡುವವರು ಯಾರು, ಯಾವ ಊರಿನವರು ಎಂಬುದನ್ನು ಧ್ವನಿವರ್ಧಕದಲ್ಲಿ ಹೇಳುತ್ತಾರೆ.